ಟಸ್ಕಲೂಸಾದ ಇಬ್ಬರು ಸಾರಥಿಗಳು

ಅಮೆರಿಕದ ದಕ್ಷಿಣ ಭಾಗದ ಅಲಬಾಮಾ ಸಂಸ್ಥಾನದಲ್ಲಿ ಟಸ್ಕಲೂಸಾ ಎಂಬುದೊಂದು ನದೀತೀರದ ಊರು. ಹದಿನಾರನೆಯ ಶತಮಾನದ ಮೂಲನಿವಾಸಿ ನಾಯಕನೊಬ್ಬನ ಹೆಸರೇ ಊರಿಗೆ ಬಂದಿದೆ. ಅದರ ಅರ್ಥ ‘ಕಪ್ಪು ಯೋಧ’. ಮಗ್ಗುಲಲ್ಲಿ ಹರಿಯುವ ನದಿಗೂ ಅದೇ ಅರ್ಥದ ಹೆಸರು. 1831ರಲ್ಲಿ ಇಲ್ಲಿ ಬಾಗಿಲು ತೆರೆದ ವಿಶ್ವವಿದ್ಯಾನಿಲಯವನ್ನು ಅಂತರ್ಯುದ್ಧದ ಕೊನೆಯಲ್ಲಿ, 1865ರಲ್ಲಿ, ಉತ್ತರದ ಸೈನಿಕರು ಸುಟ್ಟರು. ಉಳಿದುವು ಬೆರಳೆಣಿಕೆಯ ಕಟ್ಟಡಗಳು. ಇಂದು ಪ್ರವಾಸಿಯ ಕಣ್ಣನ್ನು ಮೊದಲು ಸೆಳೆಯುವುದು ಬ್ರಯಂಟ್–ಡೆನ್ನಿ ಕ್ರೀಡಾಂಗಣ. 2020ರ ಗಣತಿಯಂತೆ ಊರಿನ ಜನಸಂಖ್ಯೆ ಒಂದು ಲಕ್ಷದ ಹತ್ತಿರ. ಕ್ರೀಡಾಂಗಣದ ಆಸನಗಳೂ ಸುಮಾರು ಒಂದು ಲಕ್ಷ!

ಇಲ್ಲಿಯ ಫುಟ್‌ಬಾಲು ಭಾರತದಲ್ಲಿ ಆಡುವ ಕಾಲ್ಚೆಂಡಾಟದಂತಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟವಿದು. ಹನ್ನೊಂದು ಮಂದಿಯಲ್ಲಿ ‘ಕ್ವಾರ್ಟರ್‌ಬ್ಯಾಕ್’ ಎಂಬವನ ಕೈಗೆ ಚೆಂಡು ಬರುತ್ತದೆ. ಓಡುವುದೋ, ಎಸೆಯುವುದೋ, ಎಸೆದರೆ ಯಾರಿಗೋ, ಕ್ಷಣಾರ್ಧದಲ್ಲಿ ನಿಶ್ಚಯಿಸುವವನು ಅವನು. ತಂಡವೆಂಬ ರಥಕ್ಕೆ ಅವನೇ ಸಾರಥಿ.

2016 ಮತ್ತು 2017ರಲ್ಲಿ ಈ ಸಾರಥ್ಯ ಟೆಕ್ಸಾಸಿನ ತರುಣ ಜೇಲನ್ ಹರ್ಟ್ಸ್‌ನದಾಗಿತ್ತು. ಅವನು ಆರಂಭಿಸಿದ 28 ಪಂದ್ಯಗಳಲ್ಲಿ ತಂಡ 26ನ್ನು ಗೆದ್ದಿತು. ಆ ಕೊನೆಯ ಗೆಲುವಿನ ಕಥೆಯೇ ವಿಚಿತ್ರ. 2018ರ ಜನವರಿ 8ರಂದು, ಇನ್ನೂರು ಮೈಲಿ ದೂರದ ಅಟ್ಲಾಂಟಾದಲ್ಲಿ ರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಪಂದ್ಯ. ಅರ್ಧ ಆಟ ಮುಗಿದಾಗ ಜಾರ್ಜಿಯಾ 13, ಅಲಬಾಮಾ ಸೊನ್ನೆ. ಇಷ್ಟು ಗೆಲುವು ತಂದವನನ್ನು ಇಂಥ ವೇಳೆಯಲ್ಲಿ ಇಳಿಸುವುದೆ? ತಂಡದ ಶಿಕ್ಷಕರಾದ ನಿಕ್ ಸೇಬನ್ ಇಳಿಸಿಯೇಬಿಟ್ಟರು! ಹವಾಯಿ ದ್ವೀಪದಿಂದ ಬಂದಿದ್ದ ಮೊದಲ ವರ್ಷದ ವಿದ್ಯಾರ್ಥಿ ಟುವಾ ಟಂಗೊವಾಯ್ಲೋವ ಮೈದಾನಕ್ಕಿಳಿದ. ಹೆಚ್ಚುವರಿ ಅವಧಿಯಲ್ಲಿ ಅವನು ಎಸೆದ 41 ಗಜದ ಚೆಂಡು ಪಂದ್ಯವನ್ನು 26–23ರಿಂದ ಗೆದ್ದುಕೊಟ್ಟಿತು.

ಮುಂದಿನ ಋತುವಿಗೆ ಸಾರಥಿ ಯಾರು? ಎರಡು ವರ್ಷದ ದುಡಿಮೆಯನ್ನು ಒಂದು ರಾತ್ರಿಯ ಸಾಹಸಕ್ಕಾಗಿ ಮರೆಯುವುದು ಕೃತಘ್ನತೆಯೆಂಬುದು ಒಂದು ವಾದ. ಕೈಚಳಕವಿದ್ದವನನ್ನು ಕಾಯಿಸುವುದು ತಂಡಕ್ಕೇ ಅನ್ಯಾಯವೆಂಬುದು ಇನ್ನೊಂದು. ಸ್ಥಾನ ಟುವಾನ ಪಾಲಾಯಿತು. ಹರ್ಟ್ಸ್ ಆ ಋತುವಿನಲ್ಲಿ ಊರು ಬಿಡಲಿಲ್ಲ. ಬೆಂಚಿನ ಮೇಲೆ ಕುಳಿತು ಕಾದ.

ಡಿಸೆಂಬರ್ 1ರಂದು ಮತ್ತೆ ಅದೇ ಅಟ್ಲಾಂಟಾ, ಅದೇ ಕ್ರೀಡಾಂಗಣ, ಅದೇ ಜಾರ್ಜಿಯಾ ತಂಡ. ಅಲಬಾಮಾ 21–28ರಿಂದ ಹಿಂದಿದ್ದಾಗ ಟುವಾನ ಕಾಲಿಗೆ ಪೆಟ್ಟಾಯಿತು. ಹರ್ಟ್ಸ್ ಎದ್ದುಬಂದ. ಚೆಂಡೆಸೆದು ಅಂಕಗಳನ್ನು ಸಮಮಾಡಿದ. ಕೊನೆಗೆ ತಾನೇ ಓಡಿ ಗೆಲ್ಲಿಸಿದ: 35–28. ಅದೇ ತಿಂಗಳು ಪದವಿ ಪಡೆದು, ಮರುವರ್ಷ ಒಕ್ಲಹೋಮಾ ವಿಶ್ವವಿದ್ಯಾನಿಲಯದ ತಂಡವನ್ನು ಸೇರಿದ.

ಟಸ್ಕಲೂಸಾದ ವಿದ್ಯಾವಠಾರದಲ್ಲಿ 115 ಅಡಿ ಎತ್ತರದ ಡೆನ್ನಿ ಗಂಟೆಗೋಪುರವಿದೆ. ಅದರ ಬುಡದಲ್ಲಿ ತಂಡದ ನಾಯಕರ ಅಂಗೈ ಅಂಗಾಲುಗಳ ಅಚ್ಚು ಮೂಡಿಸುವುದು ಅಲ್ಲಿಯ ವಾಡಿಕೆ. 2019ರ ನಾಯಕರ ಪಟ್ಟಿಯಲ್ಲಿ ಟುವಾನ ಹೆಸರುಂಟು. ಹರ್ಟ್ಸ್‌ನ ಹೆಸರು ಯಾವ ವರ್ಷದ ಪಟ್ಟಿಯಲ್ಲಿಯೂ ಇಲ್ಲ. ಆದರೂ ಆ ಎರಡು ಪಂದ್ಯಗಳ ಕಥೆಯನ್ನು ಬಲ್ಲ ಪ್ರವಾಸಿ, ಗೋಪುರದ ನೆರಳಿನಲ್ಲಿ ನಿಂತಾಗ, ಇಬ್ಬರನ್ನೂ ನೆನೆಯದೆ ಮುಂದೆ ಸಾಗಲಾರ.