ಚಾರ್ಮಾಡಿ ಮಂಜಿಗೆ ಮಾರಿಸ್ ಮೈನರ್ ದೀಪ

ಮಳೆಗಾಲದಲ್ಲಿ ಕೊಟ್ಟಿಗೆಹಾರಕ್ಕೆ ಹೋದವರಿಗೆ ಗೊತ್ತು, ಅಲ್ಲಿ ಎಷ್ಟೋ ದಿನ ಮಧ್ಯಾಹ್ನ ಮೂರಕ್ಕೇ ಅಂಗಡಿಗಳಲ್ಲಿ ಲೈಟ್ ಹಾಕಿರ್ತಾರೆ. ನೀರುದೋಸೆ ತಿಂದು ಹೊರಗೆ ಬಂದರೆ ಎದುರಿಗೆ ನಿಲ್ಲಿಸಿದ ಕಾರೇ ಕಾಣಲ್ಲ. ಅಲ್ಲಿಂದ ಮುಂದೆ ಚಾರ್ಮಾಡಿ ಘಾಟಿ. ಒಂದು ಪಕ್ಕ ನೀರು ಸುರಿಸುವ ಗುಡ್ಡ, ಇನ್ನೊಂದು ಪಕ್ಕ ಕಣಿವೆ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಯೇ ಬಂದ್ ಆಗಿದ್ದು ನೆನಪಿರಬಹುದು. ಇಂಥ ದಾರಿಯಲ್ಲಿ ಮಂಜು ಕವಿದಾಗ ಹೈ ಬೀಮ್ ಹಾಕಿದರೆ ಕಣ್ಣ ಮುಂದೆ ಬಿಳಿ ಗೋಡೆ ಎದ್ದ ಹಾಗಾಗುತ್ತೆ.

ಈ ದಾರಿಯಲ್ಲಿ ಮಳೆಗಾಲದಲ್ಲೇ ಹೋಗಬೇಕು, ಅದೂ 1958ರ ಮಾರಿಸ್ ಮೈನರ್‌ನಲ್ಲಿ ಅನ್ನೋದು ನಮ್ಮ ಮಾವನ ಆಸೆ. ಮಾವನ ಮನೆ ಮೂಡಿಗೆರೆ ಹತ್ತಿರ. ಮೊದಲೆಲ್ಲ ವರ್ಷಕ್ಕೊಮ್ಮೆ ಇದೇ ಕಾರಲ್ಲಿ ಧರ್ಮಸ್ಥಳಕ್ಕೆ ಹೋಗಿ ಬರೋರು. ಕಣ್ಣಿನ ಪೊರೆ ಆಪರೇಷನ್ ಆದ ಮೇಲೆ ಘಾಟಿ ಬಿಟ್ಟರು. ಕಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಲ್ಲೇ. “ಓಡಿಸದ ಕಾರು ಮನೇಲಿಟ್ಟುಕೊಂಡು ಏನು ಮಾಡೋದು? ಯಾರಿಗಾದ್ರೂ ಕೊಟ್ಟುಬಿಡಿ” ಅಂತ ಅತ್ತೆ ಹೇಳಿಬಿಟ್ಟಿದ್ದರು. ನಾನು ಓಡಿಸ್ತೀನಿ ಅಂದೆ. ಮಾವ ಒಪ್ಪಿದರು, ಆದರೆ ಎರಡು ಷರತ್ತು: ಫಾಗ್ ಲೈಟ್ ಇಲ್ಲದೆ ಘಾಟಿ ಇಳಿಯುವ ಹಾಗಿಲ್ಲ, ಮತ್ತು ಕಾರಿಗೆ ಒಂದೇ ಒಂದು ಹೊಸ ತೂತು ಕೊರೆಯುವ ಹಾಗಿಲ್ಲ.

ಎಲ್‌ಇಡಿ ಬಾರ್ ಹಾಕಿಸೋದು ಅರ್ಧ ಗಂಟೆ ಕೆಲಸ. ಆದರೆ ಆ ಕಾರಿನ ಮುಖಕ್ಕೆ ಅದು ರೇಷ್ಮೆ ಪಂಚೆ ಮೇಲೆ ಸ್ಪೋರ್ಟ್ಸ್ ಶೂ ಹಾಕಿದ ಹಾಗೆ. ಜೊತೆಗೆ ಮೈನರ್‌ನದು ಪಾಸಿಟಿವ್ ಅರ್ತ್. ಅಂದರೆ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಕೂತಿರುತ್ತೆ. ಇವತ್ತಿನ ಕಾರುಗಳಲ್ಲಿ ಇದು ಉಲ್ಟಾ. ಹಳೇ ಬಲ್ಬಿಗೆ ಪ್ಲಸ್ಸು ಮೈನಸ್ಸಿನ ಹಂಗಿಲ್ಲ, ಎಲ್‌ಇಡಿಗೆ ಇದೆ.

ಹಾಗಾಗಿ ಬೆಂಗಳೂರಲ್ಲಿ ಹುಡುಕಾಟ ಶುರುವಾಯ್ತು. ಜೆ.ಸಿ. ರೋಡಿನಲ್ಲಿ ಎಲ್ಲ ಕಾರಿನ ಪಾರ್ಟ್ಸ್ ಸಿಗುತ್ತೆ, ಆದರೆ ಇಷ್ಟು ಹಳೇದು ಬೇಕಾದರೆ ಶಿವಾಜಿನಗರದ ಗುಜರಿಯೇ ಗತಿ. ಮೂರನೇ ಭಾನುವಾರ ಅಲ್ಲಿ ಲೂಕಾಸ್ ಕಂಪನಿಯ ಎರಡು ದೀಪ ಸಿಕ್ಕವು. ಹೊರಗಿನಿಂದ ಅವಳಿ-ಜವಳಿ. ಗಾಜು ನೋಡಿದರೆ ಬೇರೆ ಬೇರೆ. ಒಂದರ ಗಾಜಿನಲ್ಲಿ ಉದ್ದುದ್ದ ಗೀರು, ಅದು ಎಸ್‌ಎಫ್‌ಟಿ 576, ಫಾಗ್ ಲೈಟ್. ಗೀರುಗಳು ಬೆಳಕನ್ನು ಎಡಬಲಕ್ಕೆ ಚಾಪೆ ಹಾಸಿದ ಹಾಗೆ ಹರಡುತ್ತವೆ. ಇನ್ನೊಂದು ಎಸ್‌ಎಲ್‌ಆರ್ 576, ದೂರಕ್ಕೆ ಬೆಳಕು ಚೆಲ್ಲುವ ದೀಪ. ಜೋಡಿ ಅಲ್ಲ ಅಂತ ಬೇಜಾರಾಗಿ ಫೋಟೊ ಕಳಿಸಿದರೆ ಮಾವ ಫೋನಲ್ಲೇ ನಕ್ಕರು. “ಆಗ ಹಾಕ್ತಿದ್ದದ್ದೇ ಹಾಗೆ ಮಾರಾಯ. ಒಂದು ಮಂಜಿಗೆ, ಇನ್ನೊಂದು ನೆಟ್ಟಗಿನ ರಸ್ತೆಗೆ. ತಗೊಂಡು ಬಾ.”

ಗಾಜು ಬಿಳಿಯದು. ಹಳದಿ ಬೇಕಲ್ವಾ ಅಂತ ನೀವು ಕೇಳಬಹುದು. ಫ್ರಾನ್ಸ್‌ನಲ್ಲಿ 1993ರವರೆಗೆ ದಶಕಗಳ ಕಾಲ ಹೆಡ್‌ಲೈಟೇ ಹಳದಿ ಇರಬೇಕಿತ್ತು. ಆದರೆ ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತೆ ಅನ್ನೋದು ನಿಜವಲ್ಲ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡದು, ಎಲ್ಲ ಬಣ್ಣವನ್ನೂ ಹೆಚ್ಚುಕಮ್ಮಿ ಒಂದೇ ಥರ ಚದುರಿಸುತ್ತೆ. ಕೆಲಸ ಮಾಡೋದು ದೀಪ ಕೂರುವ ಜಾಗ. ಅದು ಕೆಳಗಿರಬೇಕು, ಬೆಳಕು ಮೇಲಕ್ಕೆ ಏಳಬಾರದು. ಆಗ ಮಂಜಿಗೆ ಬಡಿದು ನಮ್ಮ ಕಣ್ಣಿಗೆ ವಾಪಸ್ ಬರೋದು ಕಮ್ಮಿ.

ಒಳಗಿನ ರಿಫ್ಲೆಕ್ಟರ್ ಕಪ್ಪಾಗಿತ್ತು. ಅದು ಬೆಳ್ಳಿ ಲೇಪ. ಬಟ್ಟೆಯಲ್ಲಿ ತಿಕ್ಕಿದರೆ ಇರೋದೂ ಹೋಗುತ್ತೆ. ಪೂಜೆ ಪಾತ್ರೆಗೆ ಬೆಳ್ಳಿ ಲೇಪ ಹಾಕುವ ಒಬ್ಬರು ಅದನ್ನು ಮತ್ತೆ ಕನ್ನಡಿ ಮಾಡಿ ಕೊಟ್ಟರು.

ಮೂಡಿಗೆರೆಯಲ್ಲಿ ಫಿಟ್ಟಿಂಗ್. ಬಂಪರ್ ಹಿಡಿದಿರುವ ಹಳೇ ಬೋಲ್ಟುಗಳಿಗೇ ಒಂದು ಅಡ್ಡ ಸರಳು ಕೂರಿಸಿ, ಅದರ ಎಡಕ್ಕೆ ಫಾಗ್ ಲೈಟ್, ಬಲಕ್ಕೆ ಇನ್ನೊಂದು. ಹೊಸ ತೂತು ಇಲ್ಲ. ನಾವು ಎಡಗಡೆ ಓಡಿಸೋರು, ಮಂಜಲ್ಲಿ ಕಾಣಬೇಕಾದ್ದು ಎಡ ಅಂಚು.

ಅಸಲಿ ಲೆಕ್ಕ ಕರೆಂಟಿನದು. ಈ ಕಾರಿನ ಡೈನಮೊ ಕೊಡೋದು ಹೆಚ್ಚೆಂದರೆ 19 ಆಂಪ್. ಡಿಪ್ ಮಾಡಿದ ಹೆಡ್‌ಲೈಟಿಗೆ 6, ವೈಪರ್, ಇಗ್ನಿಷನ್, ಹಿಂದಿನ ದೀಪ ಎಲ್ಲ ಸೇರಿ ಇನ್ನೊಂದು 9. ಉಳಿಯೋದು 4. ಒಂದು 48 ವ್ಯಾಟ್ ಬಲ್ಬಿಗೆ ಬೇಕಾದ್ದೂ ಅಷ್ಟೇ! ಎರಡು ಫಾಗ್ ಲೈಟ್ ಸಿಕ್ಕಿದ್ದರೆ ಘಾಟಿ ಮಧ್ಯೆ ಬ್ಯಾಟರಿ ಇಳಿಯೋದು. ಹಳಬರ ‘ಒಂದೊಂದು’ ಪದ್ಧತಿ ಬರೀ ಶೋಕಿಗೆ ಅಲ್ಲ ಅಂತ ಆವಾಗ ಅರ್ಥವಾಯ್ತು. ಎಲೆಕ್ಟ್ರಿಷಿಯನ್ ದಪ್ಪ ವೈರು, ಪ್ರತ್ಯೇಕ ಫ್ಯೂಸು, ಕಣ್ಣಿಗೆ ಬೀಳದ ಹಾಗೆ ರಿಲೇ ಹಾಕಿದರು. ದೀಪದಿಂದ ಚಾಸಿಗೆ ಬೇರೆಯೇ ಅರ್ತ್ ವೈರು, ಯಾಕಂದರೆ ತುಕ್ಕು ಹಿಡಿದ ಬಂಪರನ್ನು ನಂಬೋ ಹಾಗಿಲ್ಲ. ರಾತ್ರಿ ಕಾರನ್ನು ಗೋಡೆ ಎದುರು ನಿಲ್ಲಿಸಿ, ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಕೆಳಗೇ ಇರೋ ಹಾಗೆ ಬಗ್ಗಿಸಿದೆವು.

ಆಗಸ್ಟ್‌ನ ಒಂದು ಬೆಳಿಗ್ಗೆ ಮೂವರೂ ಹೊರಟೆವು. ಕೊಟ್ಟಿಗೆಹಾರ ದಾಟಿದ್ದೇ ರಸ್ತೆ ಮಾಯ. ಫಾಗ್ ಲೈಟ್ ಹಾಕಿದೆ. ಪವಾಡ ಏನೂ ಆಗಲಿಲ್ಲ ನೋಡಿ, ದೂರ ಏನೂ ಕಾಣಲಿಲ್ಲ. ಎಡಗಡೆ ಹತ್ತು ಹದಿನೈದು ಅಡಿ ರಸ್ತೆ, ಅಂಚಿನ ಬಿಳಿ ಗೆರೆ, ಚರಂಡಿ, ತಡೆಗೋಡೆಯ ಬುಡ ಮಾತ್ರ ಸ್ಪಷ್ಟ. ಎಡಗಡೆ ಸೀಟಲ್ಲಿ ಮಾವ. “ಗೆರೆ ಇದೆ, ಬಾ... ತಿರುವು ಬಂತು, ಹಾರ್ನ್ ಹೊಡಿ... ಈಗ ಬಾ.” ಆಪರೇಷನ್ ಆದ ಕಣ್ಣು ಆ ಗೆರೆ ಬಿಟ್ಟು ಆಚೀಚೆ ಹೋಗಲಿಲ್ಲ. ಹಿಂದೆ ಅತ್ತೆ ಮಾತೇ ಆಡಲಿಲ್ಲ.

ಸೆಕೆಂಡ್ ಗೇರಲ್ಲೇ ಇಳಿದೆವು. ಬ್ರೇಕಿಗೂ ಒಳ್ಳೇದು, ಎಂಜಿನ್ ಜೋರಾಗಿ ತಿರುಗೋದರಿಂದ ಡೈನಮೊಗೂ ಒಳ್ಳೇದು. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಕೈ ಮುಗಿಯೋಕೆ ನಿಲ್ಲಿಸಿದಾಗ ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೊತ್ತಿಕೊಂಡಿತು, ಚಾರ್ಜ್ ಆಗ್ತಿಲ್ಲ ಅಂತ. ಫಾಗ್ ಲೈಟ್ ಆರಿಸಿದೆ, ಹೊರಟ ಮೇಲೆ ಮತ್ತೆ ಹಾಕಿದೆ. ಮಾವ “ಹ್ಞೂಂ” ಅಂದರು. ಅವರ ಬಾಯಲ್ಲಿ ಅದು ದೊಡ್ಡ ಸರ್ಟಿಫಿಕೇಟು.

ಚಾರ್ಮಾಡಿ ಊರಿಗೆ ಇಳಿಯುವಷ್ಟರಲ್ಲಿ ಮಂಜು ಪೂರ್ತಿ ಹರಿದು, ಸೆಕೆ ಶುರುವಾಗಿತ್ತು. ನಿಮ್ಮ ಮನೆಯಲ್ಲೂ ಹಳೇ ಕಾರಿದ್ದು, ಘಾಟಿ ಇಳಿಯೋ ಮನಸ್ಸಿದ್ದರೆ ದೀಪ ಕೊಳ್ಳೋಕೆ ಮೊದಲು ಡೈನಮೊ ಎಷ್ಟು ಆಂಪ್ ಅಂತ ನೋಡಿ. ಮಂಜಿಲ್ಲದಾಗ ಆ ದೀಪ ಹಾಕಬೇಡಿ, ಎದುರು ಬರೋರ ಕಣ್ಣಿಗೆ ಅದು ಹಿಂಸೆ. ಮತ್ತೆ ಬೆಳಕು ಬಿದ್ದಷ್ಟು ದೂರದೊಳಗೆ ಕಾರು ನಿಲ್ಲೋ ವೇಗದಲ್ಲಿ ಮಾತ್ರ ಹೋಗಿ.

ಉಜಿರೆಯಲ್ಲಿ ಕಾಫಿಗೆ ಇಳಿದಾಗ ಅತ್ತೆ ದೀಪದ ಗಾಜಿನ ಕೆಸರನ್ನು ಸೆರಗಿನ ತುದಿಯಲ್ಲಿ ಒರೆಸುತ್ತಿದ್ದರು. ಕಾರು ಕೊಟ್ಟುಬಿಡುವ ಮಾತು ಆಮೇಲೆ ಬಂದಿಲ್ಲ.