ಗುದ್ದಲಿಯೂ ಬಳಪವೂ

ವಿದ್ಯೆಯೆಂದರೆ ಗುದ್ದಲಿಯಿಂದ ಬಿಡುಗಡೆ ಎಂಬ ಭಾವನೆ ನಮ್ಮ ಜನರಲ್ಲಿ ಆಳವಾಗಿ ಬೇರೂರಿದೆ. ಇದನ್ನು ಹಾಸ್ಯಮಾಡುವುದು ಸುಲಭ. ಆದರೆ ತಲೆತಲಾಂತರದಿಂದ ಪರರ ಹೊಲದಲ್ಲಿ ಬೆನ್ನು ಬಾಗಿಸಿದವರು ತಮ್ಮ ಮಕ್ಕಳಾದರೂ ನೆರಳಿನಲ್ಲಿ ಕುಳಿತು ಉಣ್ಣಲೆಂದು ಹಾರೈಸಿದರೆ ಅದರಲ್ಲಿ ತಪ್ಪೇನಿದೆ? ಮಕ್ಕಳಿಗಾಗಿ ಊರವರು ಕೂಡಿ ನಡೆಸುವ ಹೊಲವೊಂದರ ವಿಷಯವನ್ನು ಹೇಳಹೊರಟ ನಾನು ಈ ಪ್ರಶ್ನೆಯನ್ನು ಬದಿಗಿಟ್ಟು ಮುಂದುವರಿಯಲಾರೆ.

ತುಮಕೂರು ಜಿಲ್ಲೆಯ ನಮ್ಮ ಗ್ರಾಮದಲ್ಲಿ ಶಾಲೆಯ ಹಿಂದಣ ಒಂದೂವರೆ ಎಕರೆ ಭೂಮಿ ಬಹುಕಾಲ ಬೀಳುಬಿದ್ದಿತ್ತು. ಆರು ವರ್ಷಗಳ ಕೆಳಗೆ ಹತ್ತಾರು ಮನೆಯವರು ಸೇರಿ, ಅಲ್ಲಿ ಸಾವಯವ ರೀತಿಯಿಂದ ಬೇಸಾಯ ಮಾಡತಕ್ಕದ್ದೆಂದೂ, ಬಂದ ಸೊಪ್ಪು, ತರಕಾರಿ, ಕಾಳುಗಳನ್ನು ಶಾಲೆಯ ಬಿಸಿಯೂಟಕ್ಕೆ ಕೊಡತಕ್ಕದ್ದೆಂದೂ, ಮಕ್ಕಳಿಗೆ ಅಲ್ಲಿಯೇ ಬೇಸಾಯದ ಪಾಠ ಹೇಳತಕ್ಕದ್ದೆಂದೂ ನಿಶ್ಚಯಿಸಿದರು. ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಮೊದಲನೆಯ ಸಭೆಯಲ್ಲಿಯೇ ಕೂಲಿಮಾಡಿ ಜೀವಿಸುವ ತಾಯಿಯೊಬ್ಬಳು ಎದ್ದು ನಿಂತು, “ನಾನು ಹೊತ್ತ ಮಂಕರಿ ನನ್ನ ಮಗಳ ತಲೆಗೆ ಬರಬಾರದೆಂದು ಶಾಲೆಗೆ ಕಳುಹಿಸಿದೆ. ನೀವು ಅಲ್ಲಿಯೂ ಮಂಕರಿಯನ್ನೇ ಕೊಡುತ್ತೀರಾ?” ಎಂದು ಕೇಳಿದಳು. ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಈ ಆಕ್ಷೇಪ ಹೊಸದಲ್ಲ. 1937ರ ಅಕ್ಟೋಬರಿನಲ್ಲಿ ಗಾಂಧೀಜಿಯವರು ವರ್ಧಾದಲ್ಲಿ ಶಿಕ್ಷಣ ಸಮ್ಮೇಳನವನ್ನು ಕರೆದು, ಕೈಕಸುಬಿನ ಮೂಲಕ ವಿದ್ಯೆ ಕಲಿಸಬೇಕೆಂಬ ವಿಚಾರವನ್ನು ಮುಂದಿಟ್ಟಾಗ, ಮಕ್ಕಳು ಕೂಲಿಗಳಾದಾರೆಂದು ಹೆದರಿದವರು ಆಗಲೂ ಇದ್ದರು. ಆ ಭಯಕ್ಕೆ ಉಪದೇಶದಿಂದ ಉತ್ತರ ಸಿಕ್ಕದು. ಏರ್ಪಾಟಿನಿಂದ ಮಾತ್ರ ಸಿಕ್ಕೀತು. ಆ ದಿನ ನಮ್ಮವರು ಮೂರು ನಿಯಮಗಳನ್ನು ಮಾಡಿಕೊಂಡರು. ವಾರಕ್ಕೆ ಎರಡು ಗಂಟೆಗಿಂತ ಹೆಚ್ಚು ಕಾಲ ಯಾವ ಮಗುವೂ ಹೊಲದಲ್ಲಿರಕೂಡದು. ಭಾರದ ಕೆಲಸವೆಲ್ಲ ದೊಡ್ಡವರದು. ಸಗಣಿಯ ಬುಟ್ಟಿಯನ್ನು ಹಿಡಿಯುವ ಸರದಿ ಎಲ್ಲ ಜಾತಿಯ, ಎಲ್ಲ ಅಂತಸ್ತಿನ ಮಕ್ಕಳಿಗೂ ಒಂದೇ ಸಮನಾಗಿ ಬರಬೇಕು. ಮಕ್ಕಳ ತಟ್ಟೆ ತುಂಬುವವರೆಗೆ ಒಂದು ಹಿಡಿ ಕಾಳೂ ಸಂತೆಗೆ ಹೋಗಕೂಡದು. ಎರಡನೆಯ ನಿಯಮಕ್ಕೆ ಉಳ್ಳವರ ಮನೆಗಳಲ್ಲಿ ಗೊಣಗಾಟವಾಯಿತು. ಇಬ್ಬರು ತಮ್ಮ ಮಕ್ಕಳನ್ನು ಹೊಲಕ್ಕೆ ಬಿಡಲಿಲ್ಲ. ಆದರೂ ನಿಯಮ ಸಡಿಲವಾಗಲಿಲ್ಲ.

ಅಲ್ಲಿ ಮಕ್ಕಳು ಕಲಿಯುವುದೇನು? ಮೊದಲನೆಯದು ಗೊಬ್ಬರದ ಪಾಠ. ಆಂಗ್ಲ ವಿಜ್ಞಾನಿ ಆಲ್ಬರ್ಟ್ ಹೋವರ್ಡ್ ಅವರು 1924ರಿಂದ 1931ರವರೆಗೆ ಇಂದೂರಿನಲ್ಲಿದ್ದು ರೂಪಿಸಿದ ಕ್ರಮದಲ್ಲಿ ಕಸಕಡ್ಡಿ, ಸಗಣಿ, ಗಂಜಳದ ಮಣ್ಣು, ಬೂದಿಗಳನ್ನು ಪದರಪದರವಾಗಿ ಒಟ್ಟಿ, ಹದವಾಗಿ ನೀರು ಚಿಮುಕಿಸಿ, ನಡುನಡುವೆ ಮಗುಚಿದರೆ ಸುಮಾರು ಮೂರು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಭಾರತದ ರೈತರನ್ನು ತಮ್ಮ ಗುರುಗಳೆಂದು ಭಾವಿಸಿದ ವಿನಯಶಾಲಿ ಆತ. ರಾಶಿಯೊಳಗೆ ಕೋಲು ಚುಚ್ಚಿ ತೆಗೆದು ಅದರ ಬಿಸಿಯನ್ನು ಮುಟ್ಟಿನೋಡಿದ ಮಕ್ಕಳಿಗೆ, ಕಣ್ಣಿಗೆ ಕಾಣದ ಜೀವಾಣುಗಳು ಅಲ್ಲಿ ದುಡಿಯುತ್ತಿವೆಯೆಂದು ಬೇರೆ ಹೇಳಬೇಕಾಗಿಲ್ಲ.

ಎರಡನೆಯದು ಅಕ್ಕಡಿ ಸಾಲಿನ ಪಾಠ. ರಾಗಿಯ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು ಮುಂತಾದವುಗಳ ಸಾಲು ಬಿಡುವುದು ನಮ್ಮ ಬಯಲುಸೀಮೆಯ ಹಳೆಯ ಪದ್ಧತಿ. ಅವರೆ ತೊಗರಿಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೂ ಮಣ್ಣಿಗೂ ಒದಗಿಸುತ್ತವೆ. ಮಳೆ ಕೈಕೊಟ್ಟು ಒಂದು ಬೆಳೆ ಸೊರಗಿದರೆ ಇನ್ನೊಂದು ಉಳಿಯುತ್ತದೆ. ಮೂರನೆಯ ವರ್ಷ ನಮಗೆ ರಾಗಿ ಅರ್ಧವೂ ಬರಲಿಲ್ಲ. ಆದರೆ ಆಳಕ್ಕೆ ಬೇರುಬಿಟ್ಟ ತೊಗರಿ ಮಕ್ಕಳ ಸಾರಿಗೆ ಕೊರತೆ ಮಾಡಲಿಲ್ಲ.

ಈ ಪಾಠವನ್ನು ಹೇಳುವವರು ಯಾರೆಂದು ವಾಚಕರು ಊಹಿಸಬಲ್ಲಿರಾ? ಸಭೆಯಲ್ಲಿ ಎದ್ದುನಿಂತ ಆ ತಾಯಿಯೇ. ಯಾವ ಸಾಲಿಗೆ ಯಾವ ಬೀಜ, ಬೂದಿ ಬೆರಸಿ ಬೀಜವನ್ನು ಕಾಪಿಡುವುದು ಹೇಗೆ ಎಂಬುದನ್ನು ಆಕೆಯಷ್ಟು ಬಲ್ಲವರು ಊರಿನಲ್ಲಿ ಇರಲಿಲ್ಲ. ಊರವರು ಆಕೆಗೆ ತಿಂಗಳಿಗಿಷ್ಟೆಂದು ಸಂಭಾವನೆ ಗೊತ್ತುಮಾಡಿದರು. ಮಕ್ಕಳು ಆಕೆಯನ್ನು “ಮೇಡಂ” ಎಂದೇ ಕರೆಯುತ್ತಾರೆ. ಮಗಳು ದಾದಿಯಾಗಬೇಕೆಂದು ಓದುತ್ತಿದ್ದಾಳೆ. ಹೊಲ ಅವಳ ಓದಿಗೆ ಅಡ್ಡಬಂದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ 10ರ ಆಸುಪಾಸು ಮಾತ್ರ ಎಂಬ ಲೆಕ್ಕವನ್ನು ಅಡಿಗೆಯ ಕೋಣೆಯ ಗೋಡೆಯ ಮೇಲೆ ಬರೆದವಳು ಅವಳೇ.

ಗುದ್ದಲಿ ಹಿಡಿಯುವುದರಲ್ಲಿ ಅವಮಾನವಿಲ್ಲ. ಕೆಲವರೇ ಹಿಡಿಯಬೇಕು, ಫಲ ಮಾತ್ರ ಬೇರೆಯವರಿಗೆ ಸೇರಬೇಕು ಎಂಬ ವ್ಯವಸ್ಥೆಯಲ್ಲಿ ಅವಮಾನವಿದೆ. ಆ ತಾಯಿ ಬೇಡವೆಂದದ್ದು ಮಣ್ಣನ್ನಲ್ಲ, ಈ ವ್ಯವಸ್ಥೆಯನ್ನು. ನಿಮ್ಮ ಊರಿನ ಶಾಲೆಯ ಹಿಂದೆಯೂ ಬೀಳುಬಿದ್ದ ನೆಲ ಇದ್ದೀತು. ಅಲ್ಲಿ ಬೀಜ ಬಿತ್ತುವ ಮೊದಲು, ಬುಟ್ಟಿ ಹಿಡಿಯುವ ಸರದಿಯ ಪಟ್ಟಿಯನ್ನು ಬರೆಯಿರಿ. ಅದರಲ್ಲಿ ನಿಮ್ಮ ಮಕ್ಕಳ ಹೆಸರೂ ಇರಲಿ.