ಡಿಸ್ಕಿನ ಒಳಮಗ್ಗುಲು

ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ಹೋದದ್ದು 2018ರ ನವೆಂಬರ್ 24ರಂದು. ಅದಾದ ಮೇಲೆ ನಮ್ಮ ಸೀಮೆಯಲ್ಲಿ ನಾಲೆ ಏರಿಯ ಮೇಲೆ ಗಾಡಿ ಓಡಿಸುವವರಿಗೆ ಮೊದಲಿನ ಧೈರ್ಯ ಉಳಿಯಲಿಲ್ಲ. ಆ ಬಸ್ಸಿನ ಕಥೆಯೇ ಬೇರೆ, ನಮ್ಮ ಕಾರಿನದೇ ಬೇರೆ. ಆದರೂ ಮರುವರ್ಷದ ಚಳಿಗಾಲದಲ್ಲಿ, ಬ್ರೇಕ್ ಒತ್ತಿದಾಗಲೆಲ್ಲ ಕಾರು ಬಲಕ್ಕೆ ಎಳೆಯತೊಡಗಿದಾಗ, ನನ್ನ ಕಣ್ಣಿಗೆ ಕಟ್ಟುತ್ತಿದ್ದುದು ಆ ನಾಲೆಯ ನೀರೇ.

ಮೊದಲು ಗೊತ್ತಾದದ್ದು ಮೇಲುಕೋಟೆಯ ಇಳಿಜಾರಿನಲ್ಲಿ. ಚೆಲುವನಾರಾಯಣನ ದರ್ಶನ ಮುಗಿಸಿ ಅವ್ವನನ್ನು ಕೂರಿಸಿಕೊಂಡು ಇಳಿಯುತ್ತಿದ್ದೆ. ತಿರುವಿನಲ್ಲಿ ಬ್ರೇಕ್ ಹಿಡಿದರೆ ಸ್ಟೀರಿಂಗ್ ಕೈಯಲ್ಲಿ ನಡುಗುತ್ತಿತ್ತು. ಜಕ್ಕನಹಳ್ಳಿಗೆ ಬಂದು ನಿಲ್ಲಿಸಿದಾಗ ಬಲಗಡೆ ಮುಂದಿನ ಚಕ್ರದಿಂದ ಸುಟ್ಟ ವಾಸನೆ. ಮೈಸೂರಿನ ಒಂದು ಗ್ಯಾರೇಜಿನವರು ಅಲೈನ್‌ಮೆಂಟ್ ಮಾಡಿದರು, ಎರಡೂ ಕಡೆ ಹೊಸ ಪ್ಯಾಡ್ ಹಾಕಿದರು. ಕೆಲವು ವಾರ ಸುಮ್ಮನಿದ್ದ ಕಾರು ಮತ್ತೆ ಅದೇ ಹಟ ಹಿಡಿಯಿತು. ಡಿಸ್ಕೇ ಸೊಟ್ಟಗಾಗಿದೆ, ಎರಡನ್ನೂ ಬದಲಾಯಿಸಿ ಎಂದರು.

ಹಣ ಬಿಚ್ಚುವ ಮೊದಲು ಬೆಳಗೊಳಕ್ಕೆ, ಮಾವನ ಹತ್ತಿರ ಹೋದೆ. ಈಗ ಮುಚ್ಚಿಹೋಗಿರುವ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಲಿನಲ್ಲಿ ಫಿಟರ್ ಆಗಿದ್ದವನು. ತಿರುಗುವ ಯಾವುದನ್ನೇ ಆಗಲಿ ಅಳತೆ ಹಿಡಿಯದೆ ಕೆಟ್ಟಿದೆ ಎನ್ನುವುದು ಅವನ ಮಟ್ಟಿಗೆ ಸುಳ್ಳು ಹೇಳಿದ ಹಾಗೆ. ಸಂಜೆ ಅವನು ದೊಡ್ಡಮಾವನ ಆಲೆಮನೆಯಲ್ಲಿದ್ದ. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು, ಒಲೆಗೆ ರಚ್ಚು ಹಾಕಿದಾಗಲೆಲ್ಲ ಅಂಗಳದ ತನಕ ಬೆಳಕು ಬರುತ್ತಿತ್ತು. ಗಟ್ಟಿ ನೆಲ ನೋಡಿ ಜಾಕ್ ಕೊಟ್ಟು, ಹಿಂದಿನ ಚಕ್ರಕ್ಕೆ ಕಲ್ಲು, ಅಡಿಗೆ ಮರದ ದಿಮ್ಮಿ ಇಟ್ಟೆವು.

ಬಲಗಡೆಗೆ ಕೈ ಹಾಕಹೋದವನನ್ನು ಅವನು ತಡೆದ.

"ಎಳೀತಿರೋದು ಬಲಕ್ಕೆ ತಾನೆ? ಯಾವ ಎತ್ತು ಹಿಂದೇಟು ಹಾಕುತ್ತೋ ಗಾಡಿ ಅತ್ಲಾಗೇ ತಿರುಗೋದು. ಬಲಗಡೇದು ಸರಿಯಾಗಿ ಹಿಡೀತೈತೆ ಕಣ್ಲಾ. ಎಡಗಡೇದೇ ಕೆಲಸ ಕದೀತಿರೋದು. ಅದನ್ನ ಬಿಚ್ಚು."

ಎಡಚಕ್ರ ಬಿಚ್ಚಿ ಟಾರ್ಚ್ ಬಿಟ್ಟ. ಡಿಸ್ಕಿನ ಹೊರಮೈಯಲ್ಲಿ ಬೆರಳಗಲದ ಒಂದೇ ಒಂದು ಬಳೆ ಹೊಳೆಯುತ್ತಿತ್ತು, ಅದರ ಎರಡೂ ಬದಿಗೆ ಕೆಂಪು ತುಕ್ಕು. ಬೀಡುಕಬ್ಬಿಣದ ಡಿಸ್ಕಿಗೆ ರಾತ್ರಿಯ ಇಬ್ಬನಿಗೇ ತುಕ್ಕು ಹಿಡಿಯುತ್ತದೆ, ಆದರೆ ಬೆಳಿಗ್ಗೆ ನಾಲ್ಕು ಸಲ ಬ್ರೇಕ್ ಒತ್ತಿದರೆ ಉಜ್ಜಿಹೋಗಬೇಕು. ಇಲ್ಲಿ ಉಜ್ಜುವವರೇ ಇರಲಿಲ್ಲ. "ಹಿಂದ್ಗಡೆ ಕೈ ಹಾಕಿ ಸವರು" ಎಂದ. ಒಳಮೈ ಅಂಚಿನಿಂದ ಅಂಚಿನವರೆಗೆ ನುಣುಪಾಗಿತ್ತು, ಉಗುರಿಗೆ ಸಣ್ಣ ಗೀರುಗಳು ಸಿಕ್ಕವು. ಪ್ಯಾಡುಗಳನ್ನು ತೆಗೆದರೆ ಒಳಗಿನದು ತಗಡಿನ ತನಕ ಸವೆಯುತ್ತ ಬಂದಿದೆ. ಹೊರಗಿನದು ಹೊಸದರಂತೆಯೇ ಇದೆ, ಒಂದು ತುದಿ ಮಾತ್ರ ಇಳಿದಿದೆ.

ಇಂಥ ಕಾರುಗಳ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಅದು ಒಳಪ್ಯಾಡನ್ನು ಡಿಸ್ಕಿಗೆ ಒತ್ತಿದ ಕೂಡಲೆ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ, ಹೊರಪ್ಯಾಡನ್ನು ಆ ಕಡೆಯಿಂದ ಎಳೆದು ತರಬೇಕು. ಜಾರದಿದ್ದರೆ ಒಂದೇ ಪ್ಯಾಡು ದುಡಿದು ಸಾಯುತ್ತದೆ. ಮಾವ ಕ್ಯಾಲಿಪರನ್ನು ಪೈಪಿಗೆ ಭಾರ ಬೀಳದಂತೆ ತಂತಿಯಲ್ಲಿ ಕಟ್ಟಿ ತೂಗುಹಾಕಿ, ಪಿನ್ ಎಳೆದ. ಮೇಲಿನದು ಬಿಗಿಯಾಗಿಯೇ ಬಂತು. ಕೆಳಗಿನದು ತಿರುಚಿ ಎಳೆದರೂ ಜಗ್ಗಲಿಲ್ಲ. ಕೊನೆಗೆ ಕಿತ್ತು ಬಂದಾಗ ಅದರ ತುದಿಯ ರಬ್ಬರ್ ಉಬ್ಬಿ ಮೆತ್ತಗಾಗಿತ್ತು, ಸುತ್ತ ಕಪ್ಪು ಗ್ರೀಸು ಮೆತ್ತಿತ್ತು.

ಅದನ್ನು ಒಲೆಯ ಬೆಳಕಿಗೆ ಹಿಡಿದು ಮೂಸಿ ನೋಡಿದ. "ಬೇರಿಂಗಿಗೆ ಹಾಕೋ ಗ್ರೀಸ್ ಹಾಕವ್ರೆ. ರಬ್ಬರ್ ಎಣ್ಣೆ ಕುಡಿದು ಊದ್ಕೊಂಡೈತೆ. ಡಿಸ್ಕಿನ ತಪ್ಪಲ್ಲ ಇದು."

ಇಷ್ಟಕ್ಕೇ ಬಿಡಬಹುದಿತ್ತು. ಆದರೆ ಡಿಸ್ಕ್ ಸೊಟ್ಟ ಎಂಬ ಮಾತು ಅವನಿಗೆ ಚುಚ್ಚಿತ್ತು. ಡಿಸ್ಕ್ ಬಿಚ್ಚಿ, ಅದು ಕೂರುವ ಹಬ್ಬಿನ ಮೇಲಿನ ತುಕ್ಕನ್ನು ಎಮರಿ ಕಾಗದದಿಂದ ತೆಗೆದ. ಅಲ್ಲಿ ಒಂದು ತುಕ್ಕಿನ ಹಕ್ಕಳೆ ಸಿಕ್ಕಿಕೊಂಡರೂ ಒಳ್ಳೆಯ ಡಿಸ್ಕೇ ಓಲಾಡುತ್ತದೆ. ಮತ್ತೆ ಕೂರಿಸಿ ನಟ್ಟು ಬಿಗಿದು, ಮಿಲ್ಲಿನ ದಿನಗಳ ಡಯಲ್ ಗೇಜನ್ನು ಪೆಟ್ಟಿಗೆಯಿಂದ ತೆಗೆದ. ನಾನು ನಿಧಾನಕ್ಕೆ ತಿರುಗಿಸಿದೆ, ಅವನು ಮುಳ್ಳಿನ ಮೇಲೆ ಕಣ್ಣಿಟ್ಟ. ಹೆಚ್ಚಿನ ಕಾರುಗಳಿಗೆ 0.1 ಮಿ.ಮೀ. ದಾಟಿದರೆ ಜಾಸ್ತಿ. ನಮ್ಮ ಮುಳ್ಳು ಅದರ ಅರ್ಧಕ್ಕೂ ಹೋಗಲಿಲ್ಲ. ದಪ್ಪವೂ ಡಿಸ್ಕಿನ ಅಂಚಿನಲ್ಲಿ ಕೊರೆದಿರುವ ಕನಿಷ್ಠ ಅಳತೆಗಿಂತ ಹೆಚ್ಚೇ ಇತ್ತು. ನಡುಗುತ್ತಿದ್ದುದು ತುಕ್ಕಿನ ಮಚ್ಚೆಗಳಿಂದ.

ಮಾರನೆಯ ದಿನ ಮೈಸೂರಿಗೆ ಹೋಗಿ ಪಿನ್ನಿನ ರಬ್ಬರ್ ಕಿಟ್ಟು, ಸಿಲಿಕೋನ್ ಗ್ರೀಸು, ಎರಡೂ ಚಕ್ರಕ್ಕೆ ಪ್ಯಾಡು ತಂದೆ. ಮಾವ ಪಿನ್ ಕೂರುವ ಗೂಡುಗಳನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿದ. ತೆಳುವಾಗಿ ಗ್ರೀಸು ಸವರಿದ ಪಿನ್ನುಗಳನ್ನು ಅದಲುಬದಲಾಗದಂತೆ ತಂತಮ್ಮ ಜಾಗಕ್ಕೇ ಹಾಕಿ, ಒಂದು ಬೆರಳಲ್ಲಿ ತಳ್ಳಿ ತೋರಿಸಿದ. ಸರಾಗವಾಗಿ ಹೋಗಿ ಬಂತು. ಡಿಸ್ಕಿನ ತುಕ್ಕನ್ನು ಎಮರಿಯಲ್ಲೇ ಉಜ್ಜಿದೆವು.

ಬಲಗಡೆಯದನ್ನೂ ಬಿಚ್ಚಿಸಿದ. ಅಲ್ಲೂ ಅದೇ ಕಪ್ಪು ಗ್ರೀಸು, ರಬ್ಬರ್ ಇನ್ನೂ ಊದಲು ಶುರುಮಾಡಿತ್ತಷ್ಟೆ. ಅದನ್ನೂ ತೊಳೆದು ಬದಲಾಯಿಸಿದೆವು.

ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಬೇಕಲ್ಲ, ಬೆಳಗಿನ ಜಾವ ಕೆ.ಆರ್.ಎಸ್. ರಸ್ತೆ ಖಾಲಿ ಇದ್ದಾಗ ಹೊರಟೆವು. 50ರ ವೇಗದಿಂದ 15ಕ್ಕೆ ಹದವಾಗಿ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸುವುದು, ನಡುವೆ ಗಾಳಿಗೆ ಆರಲು ಬಿಡುವುದು. ಸ್ಟೀರಿಂಗ್ ಮೇಲಿಂದ ಕೈ ಸಡಿಲಿಸಿ ಬ್ರೇಕ್ ಒತ್ತಿದೆ, ಕಾರು ನೇರ ನಿಂತಿತು. ಮಾವ ಅಷ್ಟಕ್ಕೆ ಒಪ್ಪಲಿಲ್ಲ. ಮನೆಗೆ ಬಂದು ಆರಿದ ಮೇಲೆ ಎಡಚಕ್ರವನ್ನು ಇನ್ನೊಮ್ಮೆ ಬಿಚ್ಚಿಸಿ ನೋಡಿದ. ಹೊರಮೈ, ಒಳಮೈ ಎರಡೂ ಒಂದೇ ಬೂದುಬಣ್ಣಕ್ಕೆ ತಿರುಗಿದ್ದವು. ಆಮೇಲೆಯೇ ಅವ್ವನಿಗೆ ಫೋನ್ ಮಾಡಿ, ಇನ್ನು ಹತ್ತಬಹುದು ಎಂದ.